ಹನ್ನೆರಡು ವೋಲ್ಟಿನ ಸಂಗೀತ

ಬೆಂಗಳೂರಿನಲ್ಲಿ 2024ರಲ್ಲಿ ಹತ್ತು ಕಿಲೋಮೀಟರ್ ಕಾರಿನಲ್ಲಿ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಹಿಡಿಯಿತೆಂದು ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆ ಲೆಕ್ಕ ಕೊಟ್ಟಿತು. ಸಂಜೆ ಆರೂವರೆಗೆ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲೋ, ಸಿಲ್ಕ್ ಬೋರ್ಡಿನಲ್ಲೋ, ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲೋ ನಿಂತವರ ಪಾಲಿಗೆ ಅದಕ್ಕೂ ಹೆಚ್ಚು. ಅಷ್ಟು ಹೊತ್ತು ಅವರಿಗೆ ಜೊತೆಯಾಗಿರುವುದು ಡ್ಯಾಶ್‌ಬೋರ್ಡಿನ ಸ್ಟೀರಿಯೋ. ಕಾರಿನಲ್ಲಿ ಬಹಳ ದುಡಿದೂ ಆರೈಕೆ ಕಾಣದ ಭಾಗವೆಂದರೆ ಅದೇ. ಎಂಜಿನ್ ಆಯಿಲ್ ಬದಲಿಸುವ ದಿನ ಎಲ್ಲರಿಗೂ ನೆನಪಿರುತ್ತದೆ. ಸ್ಪೀಕರಿನ ಸ್ಕ್ರೂ ಬಿಗಿಯಾಗಿದೆಯೇ ಎಂದು ನೋಡಿದವರು ವಿರಳ.

ಕಾರಿಗೂ ರೇಡಿಯೋಗೂ ಇರುವ ನಂಟು ಹಳೆಯದು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಕಂಪನಿ ಮಾರಾಟಕ್ಕಿಟ್ಟ ಕಾರ್ ರೇಡಿಯೋದ ಹೆಸರು ಮೋಟೊರೋಲಾ. ಮುಂದೆ ಕಂಪನಿಯೇ ಆ ಹೆಸರು ಇಟ್ಟುಕೊಂಡಿತು. 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಯುರೋಪಿನ ಮೊದಲ ಕಾರ್ ರೇಡಿಯೋ ತಂದಿತು. ಅದರ ತೂಕ ಸುಮಾರು ಹದಿನೈದು ಕಿಲೋ, ಬೆಲೆ ಒಂದು ಕಾರಿನ ಮೂರನೇ ಒಂದು ಪಾಲು. ಡ್ಯಾಶ್‌ಬೋರ್ಡಿನಲ್ಲಿ ಹಿಡಿಸದ ಕಾರಣ ಅದರ ಗುಂಡಿಗಳನ್ನು ಸ್ಟೀರಿಂಗ್ ಕಂಬಕ್ಕೆ ಕಟ್ಟಿದ್ದರು. ಮರುವರ್ಷ ಬ್ಲಾಪುಂಕ್ಟನ್ನು ಕೊಂಡ ಬಾಷ್ ಕಂಪನಿಯ ಭಾರತದ ನೆಲೆ ನಮ್ಮ ಆಡುಗೋಡಿ. ಹಳಬರ ಬಾಯಲ್ಲಿ ಆ ಕಂಪನಿ ಇನ್ನೂ ಮೈಕೋ. ರೇಡಿಯೋ ಪ್ರಸಾರದ ನಂಟೂ ಇಲ್ಲಿಗೆ ಹಳೆಯದೇ: ‘ಆಕಾಶವಾಣಿ’ ಎಂಬ ಹೆಸರಿನ ನಿಲಯವನ್ನು 1935ರಲ್ಲಿ ಮೈಸೂರಿನಲ್ಲಿ ಕಟ್ಟಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ರೇಡಿಯೋ ಸಿಟಿ ಬಾಯಿ ತೆರೆದದ್ದು 2001ರ ಜುಲೈ 3ರಂದು, ಬೆಂಗಳೂರಿನಲ್ಲಿ. ಈಗಂತೂ ಮರ್ಸಿಡಿಸ್, ಹರ್ಮನ್‌ನಂಥ ಕಂಪನಿಗಳ ಎಂಜಿನಿಯರುಗಳು ಇದೇ ಊರಲ್ಲಿ ಕೂತು ಕಾರಿನ ಪರದೆ ಮತ್ತು ಧ್ವನಿಯ ಹಿಂದಿನ ಸಾಫ್ಟ್‌ವೇರ್ ಬರೆಯುತ್ತಾರೆ. ಇಂಥ ಊರಿನ ಕಾರುಗಳಲ್ಲಿ ಹಾಡು ಕಿರುಗುಟ್ಟಬಾರದು.

ಆದರೂ ಕಿರುಗುಟ್ಟುತ್ತದೆ. ಕಾರಣ ಸಾಮಾನ್ಯವಾಗಿ ಸ್ಟೀರಿಯೋದಲ್ಲಿರುವುದಿಲ್ಲ. ಕಾರಿನಲ್ಲಿ ಹಾಡು ಹೇಗೆ ಕೇಳಿಸಬೇಕೆಂಬುದನ್ನು ಬಾಗಿಲಿನ ತಗಡು, ವೈರಿನ ಜೋಡಣೆ, ಬ್ಯಾಟರಿಯ ಸ್ಥಿತಿ ಈ ಮೂರೂ ಸೇರಿ ತೀರ್ಮಾನಿಸುತ್ತವೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಮಾತ್ರ ಪೆಟ್ಟಿಗೆಯ ಮೇಲಿನ ವ್ಯಾಟ್.

ಆ ವ್ಯಾಟಿನ ಲೆಕ್ಕವನ್ನೇ ಮೊದಲು ಬಿಡಿಸಿ ನೋಡಬಹುದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಬಹುಪಾಲು ಸ್ಟೀರಿಯೋಗಳ ಮೇಲೆ ‘50 ವ್ಯಾಟ್, ನಾಲ್ಕು ಚಾನೆಲ್’ ಎಂದು ಅಚ್ಚಾಗಿರುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವ ವಿದ್ಯುತ್ತು ಹೆಚ್ಚೆಂದರೆ 14 ವೋಲ್ಟ್ ಚಿಲ್ಲರೆ. ಸ್ಪೀಕರಿನ ತಡೆ ನಾಲ್ಕು ಓಮ್. ಬೇರೆ ಆಂಪ್ಲಿಫಯರ್ ಇಲ್ಲದೆ ಈ ಎರಡರ ನಡುವೆ ಧ್ವನಿಯ ಅಲೆ ಮುರಿಯದಂತೆ ಕೊಡಬಹುದಾದ ಶಕ್ತಿ 25 ವ್ಯಾಟಿನ ಸುತ್ತಮುತ್ತ; ಬಿಸಿಯಾಗಿ ಹೋಗುವ ನಷ್ಟ ಕಳೆದರೆ 20ರ ಆಸುಪಾಸು. ಉಳಿದ ಮೂವತ್ತು ಅಚ್ಚಿನಲ್ಲಷ್ಟೇ ಇರುವಂಥದು. ಹಾಗಾಗಿ ಕೊಳ್ಳುವವರು ‘ಆರ್‌ಎಂಎಸ್ ಎಷ್ಟು?’ ಎಂದು ಕೇಳಬೇಕು. ಸ್ಟೀರಿಯೋ ನಿರಂತರವಾಗಿ ಕೊಡಬಲ್ಲ, ಸ್ಪೀಕರ್ ನಿರಂತರವಾಗಿ ತಾಳಿಕೊಳ್ಳಬಲ್ಲ ಶಕ್ತಿಯನ್ನು ಹೇಳುವುದು ಆ ಸಂಖ್ಯೆ.

ಇಪ್ಪತ್ತು ವ್ಯಾಟ್ ಮುಗಿದ ಮೇಲೂ ವಾಲ್ಯೂಮ್ ಏರಿಸುತ್ತ ಹೋದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಆಗ ಗಾಯಕರ ಧ್ವನಿ ಒಡೆಯುತ್ತದೆ, ತಮಟೆಯ ಪೆಟ್ಟು ಡಬ್ಬ ಬಡಿದಂತೆ ಕೇಳುತ್ತದೆ. ಕೇಡು ಕಿವಿಗೆ ಮಾತ್ರವಲ್ಲ. ತಲೆ ಚಪ್ಪಟೆಯಾದ ಅಲೆಯಲ್ಲಿ ಕೀರಲು ಸ್ವರದ ಶಕ್ತಿ ಹೆಚ್ಚಿ, ಆ ಸ್ವರ ನುಡಿಸುವ ಸಣ್ಣ ಸ್ಪೀಕರಾದ ಟ್ವೀಟರಿನ ಕೂದಲೆಳೆಯಂಥ ತಂತಿ ಸುಟ್ಟುಹೋಗುತ್ತದೆ. ದೊಡ್ಡ ಆಂಪ್ಲಿಫಯರಿನಿಂದ ಸತ್ತ ಸ್ಪೀಕರುಗಳಂತೆಯೇ ಸಣ್ಣ ಸ್ಟೀರಿಯೋವನ್ನು ಹಿಂಡಿದ್ದರಿಂದ ಸತ್ತ ಸ್ಪೀಕರುಗಳೂ ಇವೆ. ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತಂದು, ಪರಿಚಿತ ಹಾಡೊಂದನ್ನು ಹಾಕಿ, ಧ್ವನಿ ಒಡೆಯುವ ಅಂಕಿಯನ್ನು ಗುರುತಿಸಿಕೊಂಡರೆ ಆ ಕಾರಿನ ಗೆರೆ ಎಲ್ಲಿದೆಯೆಂದು ಗೊತ್ತಾಗುತ್ತದೆ. ಅದಕ್ಕಿಂತ ನಾಲ್ಕೈದು ಅಂಕಿ ಕೆಳಗೆ ನಿಲ್ಲುವುದು ಕ್ಷೇಮ. ಬ್ಲೂಟೂತಿನಲ್ಲಿ ಕೇಳುವವರು ಫೋನಿನ ವಾಲ್ಯೂಮನ್ನು ಮೇಲಿಟ್ಟು ಕಾರಿನದನ್ನು ತಗ್ಗಿಸಿದರೆ ಹಿನ್ನೆಲೆಯ ಸುಯ್ಯೆನ್ನುವ ಸದ್ದು ಕಡಿಮೆಯಾಗುತ್ತದೆ.

ಇನ್ನು ಬಾಗಿಲು. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಬಾಗಿಲಿನದು. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಬಾಗಿಲಿನ ತಗಡಿನಲ್ಲಿರುವ ತೂತುಗಳಿಂದ ಹಿಂದಿನ ಅಲೆ ನುಸುಳಿ ಮುಂದಿನದನ್ನು ಸೇರಿದರೆ ಎರಡೂ ಒಂದನ್ನೊಂದು ಅಳಿಸಿ ಬಾಸ್ ಮಾಯವಾಗುತ್ತದೆ. ಅಲ್ಯೂಮಿನಿಯಂ ಹಾಳೆ ಹೊದ್ದ ಅಂಟುರಬ್ಬರಿನ ಡ್ಯಾಂಪಿಂಗ್ ಶೀಟನ್ನು ತಗಡಿಗೆ ಹಚ್ಚಿ, ಸ್ಪೀಕರಿನ ಸುತ್ತ ಸಂದು ಮುಚ್ಚಿದರೆ, ಕಾರಿನ ಜೊತೆ ಬಂದ ಅದೇ ಸ್ಪೀಕರ್ ಬೇರೆಯದೇ ಎನ್ನುವಂತೆ ನುಡಿಯುತ್ತದೆ. ದೊಡ್ಡ ವೂಫರಿಗೆ ಹಣ ಹಾಕುವ ಮೊದಲು ಈ ಶೀಟಿಗೆ ಹಾಕುವುದು ಜಾಣತನ. ಬಾಗಿಲಿನದು ಇನ್ನೊಂದು ಕಾಟವೂ ಇದೆ. ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ 2010ರಲ್ಲಿ ತೆರೆದ, ಹತ್ತು ಕಿಲೋಮೀಟರಿಗೆ ಸಮೀಪದ ಮೇಲ್ಸೇತುವೆ ಇದೆಯಲ್ಲ, ಅದರ ಒಂದೊಂದು ಜೋಡಣೆಯ ಮೇಲೂ ಚಕ್ರ ಟಕ್ಕೆನ್ನುತ್ತದೆ. ಸಡಿಲವಾದ ಡೋರ್ ಪ್ಯಾಡಿನ ಕ್ಲಿಪ್ಪುಗಳು ಅಲ್ಲೇ ಬಾಯಿ ಬಿಡುತ್ತವೆ. ಹಾಡಿನ ಜೊತೆ ಗಿಜಗಿಜ ಸದ್ದು ಬಂದರೆ ಪಕ್ಕದಲ್ಲಿ ಕೂತವರು ಪ್ಯಾಡಿನ ಮೇಲೆ ಅಂಗೈ ಒತ್ತಿ ನೋಡಲಿ. ಸದ್ದು ನಿಂತ ಜಾಗದ ಕ್ಲಿಪ್ ಬದಲಿಸಿದರೆ ಅಷ್ಟಕ್ಕೇ ಸರಿಹೋಗಬಹುದು. ಅದಕ್ಕೆ ತಗಲುವ ಖರ್ಚು ಅಲ್ಪ.

ಪೀಣ್ಯದ ಲೇತು, ಗ್ರೈಂಡಿಂಗ್ ಶೆಡ್ಡುಗಳಲ್ಲಿ ದುಡಿಯುವವರ ಕಾರಿಗೆ ಇನ್ನೊಂದು ತೊಡಕಿದೆ. ಬಟ್ಟೆ, ಬೂಟಿಗೆ ಅಂಟಿದ ಕಬ್ಬಿಣದ ಸಣ್ಣ ಪುಡಿ ಕಾರಿನೊಳಗೆ ಬರುತ್ತದೆ. ಸ್ಪೀಕರಿನ ಹಿಂದೆ ಬಲವಾದ ಅಯಸ್ಕಾಂತ ಇರುವುದರಿಂದ ಪುಡಿ ಅತ್ತ ಸೆಳೆಯಲ್ಪಟ್ಟು, ಸುರುಳಿ ಆಡುವ ಕಿರಿದಾದ ಸಂದಿಗೆ ಸೇರಿದರೆ ಕರಕರ ಶುರು. ಶೆಡ್ಡಿನಿಂದ ಹೊರಡುವಾಗ ಬಟ್ಟೆ ಬದಲಿಸುವುದು ಸುಲಭದ ಉಪಾಯ. ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಕೆಡವಬೇಕು. ವ್ಯಾಕ್ಯೂಮಿನ ಮೂತಿಯನ್ನು ಜಾಲರಿಗೆ ಒತ್ತಿ ಹಿಡಿದರೆ ಕೋನ್ ಹರಿದೀತು. ಪರದೆಗೆ ಡ್ಯಾಶ್‌ಬೋರ್ಡ್ ಪಾಲಿಶ್ ಬೇಡ, ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು.

ನೀರಿನ ಕಥೆ 2022ರ ಸೆಪ್ಟೆಂಬರ್ ಕಂಡವರಿಗೆ ಹೇಳಬೇಕಾಗಿಲ್ಲ. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿ ನಿಂತವು. ಅಂಥ ಪ್ರಳಯ ಬೇಡ, ಸಾಧಾರಣ ಮಳೆಯಲ್ಲೂ ಕಿಟಕಿಯ ಗಾಜಿನಗುಂಟ ನೀರು ಬಾಗಿಲೊಳಗೆ ಇಳಿಯುತ್ತದೆ, ತಳದ ಸಣ್ಣ ತೂತುಗಳಿಂದ ಹೊರಹೋಗುತ್ತದೆ. ಆ ತೂತುಗಳು ಕೆಸರಿನಿಂದ ಮುಚ್ಚಿದರೆ ಬಾಗಿಲೇ ತೊಟ್ಟಿಯಾಗಿ ಸ್ಪೀಕರ್ ನೆನೆಯುತ್ತದೆ. ಕಾರು ತೊಳೆಯುವಾಗ ಬಾಗಿಲು ತೆರೆದು ಕಡ್ಡಿಯಿಂದ ತೂತು ಬಿಡಿಸುವುದು ಎರಡು ನಿಮಿಷದ ಕೆಲಸ. ಡ್ಯಾಂಪಿಂಗ್ ಶೀಟ್ ಹಚ್ಚುವವರೂ ಆ ತೂತುಗಳನ್ನು ಮುಚ್ಚಬಾರದು. ಸೀಟಿನ ಕೆಳಗೆ ಆಂಪ್ಲಿಫಯರ್ ಇಟ್ಟ ಕಾರು ನೀರಲ್ಲಿ ನಿಂತಿದ್ದರೆ ಕೀಲಿ ಮುಟ್ಟಲೇಬಾರದು. ನೀರು ಪೂರ್ತಿ ಇಳಿದ ಮೇಲೆ ಬ್ಯಾಟರಿಯ ಮೈನಸ್ ಕಳಚಿ, ಒಣಗಿಸಿ, ಎಲೆಕ್ಟ್ರಿಷಿಯನ್ನಿಗೆ ತೋರಿಸಿ, ಆಮೇಲೆ ಹಾಡು. ಕೆಲವು ಸ್ಟೀರಿಯೋಗಳು ಬ್ಯಾಟರಿ ಕಳಚಿದ ಮೇಲೆ ಕೋಡ್ ಕೇಳುತ್ತವೆ, ಅದನ್ನು ಬರೆದಿಟ್ಟ ಕಾರ್ಡ್ ಮನೆಯಲ್ಲಿ ಜೋಪಾನವಾಗಿರಲಿ.

ಎಲ್ಲಕ್ಕಿಂತ ಗಂಭೀರವಾದದ್ದು ವೈರಿಂಗ್, ಏಕೆಂದರೆ ಇಲ್ಲಿ ತಪ್ಪಿದರೆ ಕಾರಿಗೇ ಬೆಂಕಿ. ಹೊಸ ಸ್ಟೀರಿಯೋ ಕೂರಿಸುವಾಗ ‘ಕಪ್ಲರ್ ಟು ಕಪ್ಲರ್’, ಅಂದರೆ ವೈರು ಕತ್ತರಿಸದೆ ಕನೆಕ್ಟರಿಗೆ ಕನೆಕ್ಟರ್ ಸಿಕ್ಕಿಸುವ ಜೋಡಣೆ, ಬೇಕು ಎಂದು ಗಿರಾಕಿ ಹಟ ಹಿಡಿಯಬೇಕು. ಕಂಪನಿಯ ವೈರು ಕತ್ತರಿಸಿ ಟೇಪು ಸುತ್ತಿದರೆ ವಾರಂಟಿಗೂ ತೊಂದರೆ, ಬೇಸಿಗೆಯ ಬಿಸಿಗೆ ಟೇಪಿನ ಅಂಟೂ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಕೊಂಡ ಸ್ಟೀರಿಯೋಗಳಲ್ಲಿ ವೈರಿನ ಬಣ್ಣಗಳಿಗೆ ಒಂದು ರೂಢಿಯಿದೆ: ಹಳದಿಗೆ ಸದಾ ಬ್ಯಾಟರಿ, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್. ಮುಂದಿನ ಎಡ ಸ್ಪೀಕರ್ ಬಿಳಿ, ಬಲ ಬೂದು, ಹಿಂದಿನ ಎಡ ಹಸಿರು, ಬಲ ನೇರಳೆ. ಕಪ್ಪು ಗೆರೆ ಇರುವ ಜೋಡಿ ಮೈನಸ್. ಕೀಲಿ ತೆಗೆದಾಗಲೆಲ್ಲ ಉಳಿಸಿಟ್ಟ ನಿಲಯಗಳು ಮರೆತುಹೋಗುತ್ತಿದ್ದರೆ ಹಳದಿಗೆ ಸದಾ ವಿದ್ಯುತ್ ಸಿಗುತ್ತಿಲ್ಲ ಎಂದರ್ಥ. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಅಥವಾ ಬಲಕ್ಕೆ ತಿರುಗಿಸಿದಾಗ ಬಾಸ್ ತುಂಬಿ, ನಡುವಿಗೆ ತಂದಾಗ ಸೊರಗಿದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ತಿರುವುಮುರುವಾಗಿರಬೇಕು. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಸೊಂಯ್ ಸದ್ದು ಆಲ್ಟರ್ನೇಟರಿನದು. ಬಣ್ಣದ ಮೇಲೆಯೇ ಅರ್ಥ್ ಕಚ್ಚಿಸಿದಾಗ ಅದು ಬರುವುದುಂಟು. ಬಣ್ಣ ಕೆರೆದು ಬರೀ ತಗಡಿಗೆ ಬಿಗಿದರೆ ಎಷ್ಟೋ ಸಲ ನಿಲ್ಲುತ್ತದೆ.

ಆಂಪ್ಲಿಫಯರಿಗೆ ಬ್ಯಾಟರಿಯಿಂದ ನೇರ ವೈರು ಎಳೆದಿದ್ದರೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಷ್ ಇಲ್ಲದಿದ್ದರೆ ದಿನದಿನದ ಕುಲುಕಾಟಕ್ಕೆ ಹೊದಿಕೆ ಸವೆದು ತಾಮ್ರ ಕಾರಿನ ಮೈಗೆ ತಾಗುತ್ತದೆ. ಹತ್ತಿರದಲ್ಲಿ ಫ್ಯೂಸ್ ಇಲ್ಲದ ಕಾರಿನಲ್ಲಿ ಆ ಕ್ಷಣವೇ ಕಿಡಿ. ಇನ್ಶೂರೆನ್ಸಿನ ವಿಷಯವನ್ನೂ ಇಲ್ಲೇ ಹೇಳಬೇಕು. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನಿಗೆ ಪ್ರತ್ಯೇಕ ರಕ್ಷೆ ಬೇಕು, ಭಾರತದ ಮೋಟಾರ್ ಟ್ಯಾರಿಫಿನಲ್ಲಿ ಅದರ ಪ್ರೀಮಿಯಂ ಸಾಮಾನಿನ ಬೆಲೆಯ ನೂರಕ್ಕೆ 4 ಎಂದಿತ್ತು. ಬಿಲ್ಲು ಇಟ್ಟುಕೊಳ್ಳದವರಿಗೆ, ಪಾಲಿಸಿಯಲ್ಲಿ ಬರೆಸದವರಿಗೆ ಕಳ್ಳತನವಾದಾಗ ಪರಿಹಾರ ಸಿಗುವುದು ಕಷ್ಟ.

ಟೆಕ್ ಪಾರ್ಕುಗಳ ಗೇಟಿನಾಚೆ ರಾತ್ರಿ ಪಾಳಿಯವರಿಗಾಗಿ ಕಾಯುವ ಕ್ಯಾಬ್ ಚಾಲಕರ ಚಿಂತೆ ಬೇರೆ. ಎಂಜಿನ್ ಆರಿಸಿ, ಹಾಡು, ಫೋನಿನ ಚಾರ್ಜು, ಒಳಗಿನ ದೀಪ ಎಲ್ಲವನ್ನೂ ಹಾಕಿಕೊಂಡರೆ ಸುಮಾರು ಐದು ಆಂಪಿಯರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಇದ್ದರೆ, ಅರ್ಧ ಖಾಲಿಯಾಗಲು ಮೂರೂವರೆ ಗಂಟೆ ಸಾಕು. ಮೂರು ವರ್ಷ ದುಡಿದ ಬ್ಯಾಟರಿ ಅಷ್ಟೂ ತಡೆಯುವುದಿಲ್ಲ. ಬೆಳಗಿನ ನಾಲ್ಕಕ್ಕೆ ಸವಾರಿ ಬಂದಾಗ ಸ್ಟಾರ್ಟರ್ ಟಕ್ ಎಂದು ಸುಮ್ಮನಾಗುತ್ತದೆ. ಒಂದು ಗಂಟೆ ಹಾಡು, ಮತ್ತೆ ವಿರಾಮ, ಅದೇ ಸುರಕ್ಷಿತ. ಎಲೆಕ್ಟ್ರಿಕ್ ಕಾರಿನವರೂ ನಿಶ್ಚಿಂತರಾಗುವಂತಿಲ್ಲ. ಅಲ್ಲೂ ಸ್ಟೀರಿಯೋ ನಡೆಯುವುದು ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದ. ಕಾರನ್ನು ಪೂರ್ತಿ ಆನ್ ಮಾಡಿದಾಗ ದೊಡ್ಡ ಬ್ಯಾಟರಿ ಅದಕ್ಕೆ ಚಾರ್ಜ್ ಕೊಡುತ್ತದೆ.

ಕಿವಿಯ ಲೆಕ್ಕವೂ ಬ್ಯಾಟರಿಯ ಲೆಕ್ಕದಂತೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. ಹೋಗುವಾಗ ಎರಡು, ಬರುವಾಗ ಎರಡು ಗಂಟೆ ಎಂದರೆ ಐದು ದಿನಕ್ಕೆ 20 ಗಂಟೆ, ಅಂದರೆ 83 ಡೆಸಿಬಲ್ ಮೀರಬಾರದು. 90ರಲ್ಲಿ ಕೇಳಿದರೆ ಇಡೀ ವಾರದ ಪಾಲು ಸೋಮವಾರ ಸಂಜೆಗೇ ಮುಗಿಯಿತು. ಫೋನಿನ ಮೀಟರ್ ಆ್ಯಪ್ ಒರಟು ಅಂದಾಜನ್ನಾದರೂ ಕೊಡುತ್ತದೆ. ಸಿಗ್ನಲ್ಲಿನಲ್ಲಿ ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ ಮುಚ್ಚಿದ ಗಾಜಿನೊಳಗೆ ಕೇಳಿಸದಿದ್ದರೆ ವಾಲ್ಯೂಮ್ ಹೆಚ್ಚಾಯಿತೆಂದೇ ತಿಳಿಯಬೇಕು. ಹೊರಗಿನವರ ಪಾಲೂ ಉಂಟು: 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ.

ಕೊನೆಗೆ ರೇಡಿಯೋ. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ಗಾಜು, ಉಕ್ಕಿನ ಕಟ್ಟಡಗಳಿಗೆ ಬಡಿದು ಹಿಂದಿರುಗುವ ಅಲೆ, ನೇರ ಬರುವ ಅಲೆಯ ಜೊತೆ ಜಗಳಕ್ಕೆ ಬಿದ್ದಾಗ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕಿನ ಸುತ್ತಲಿನ ರಸ್ತೆಗಳಲ್ಲಿ, ಮೆಟ್ರೋ ಕಂಬಗಳ ಸಾಲಿನ ಕೆಳಗೆ ಧ್ವನಿ ಹರಿದು ಹರಿದು ಬರುವುದುಂಟು. ನೆಲಮಾಳಿಗೆಗೆ ಇಳಿದರೆ ನಿಂತೇಹೋಗುತ್ತದೆ. ಅದು ಸೆಟ್ಟಿನ ದೋಷವಲ್ಲ. ಆಂಟೆನಾದ ಕಡ್ಡಿ ಸಡಿಲವಾಗಿದ್ದರೆ, ಬುಡದಲ್ಲಿ ತುಕ್ಕು ಹಿಡಿದಿದ್ದರೆ ಮಾತ್ರ ಮನೆಯಲ್ಲೇ ಸರಿಮಾಡಬಹುದು. ಕಳಚಿ, ಒರೆಸಿ, ಕೈಯಿಂದ ಬಿಗಿದರೆ ಆಯಿತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಎಲೆಕ್ಟ್ರಿಕ್ ಕಾರುಗಳಲ್ಲಿ ಗರಗರ ಎನ್ನುವುದು ಮೋಟರಿಗೆ ವಿದ್ಯುತ್ ಉಣಿಸುವ ಇನ್ವರ್ಟರಿನ ಗದ್ದಲದಿಂದ. ಇದೇ ಕಾರಣಕ್ಕೆ ಅಮೆರಿಕದಲ್ಲಿ ಕೆಲವು ಕಂಪನಿಗಳು ಹೊಸ ಕಾರುಗಳಿಂದ ಎಎಂ, ಅಂದರೆ ಮೀಡಿಯಂ ವೇವ್ ರೇಡಿಯೋ, ತೆಗೆಯಹೊರಟವು. ಫೋರ್ಡ್ 2023ರಲ್ಲಿ ಆ ತೀರ್ಮಾನದಿಂದ ಹಿಂದೆ ಸರಿಯಿತು. ಎಫ್‌ಎಂನಲ್ಲಿ ಹೀಗೆ ಗದ್ದಲವೆಬ್ಬಿಸುವುದು ಅಗ್ಗದ ಡ್ಯಾಶ್‌ಕ್ಯಾಮ್ ಮತ್ತು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಫೋನ್ ಚಾರ್ಜರ್. ಕಾರು ನಿಲ್ಲಿಸಿಕೊಂಡು ಇದನ್ನು ಕೇಳುತ್ತಿರುವವರು, ಹಿನ್ನೆಲೆಯಲ್ಲಿ ಸರಸರ ಸದ್ದು ಬರುತ್ತಿದ್ದರೆ, ಈಗಲೇ ಆ ಚಾರ್ಜರನ್ನು ಒಮ್ಮೆ ಕಿತ್ತು ನೋಡಬಹುದು.