ತಾಯಿಗೊಂದು ಹಿಡಿ ಮನೆಯ ಹೂವು

(ದಸರಾ ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಪುರಾಣ ಬಿಡಿಸಿ ಹೇಳುವ ಪಂಡಿತರು ನಮ್ಮಲ್ಲಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿ ಅಂಗಡಿ ಹಾಕಿದವನು. ಆದ್ದರಿಂದ ದೊಡ್ಡ ವಿಷಯಕ್ಕೆ ಕೈ ಹಾಕದೆ, ತಾಯಿಯ ಮುಡಿಗೆ ಏರುವ ಹೂವಿನ ವಿಷಯ ಮಾತ್ರ ಹೇಳುತ್ತೇನೆ.

ನಮ್ಮ ಕುಲಕ್ಕೂ ಹೂವಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ನಮ್ಮ ಮೂಲಪುರುಷ ದೇವಲ ಮಹರ್ಷಿ ಲೋಕಕ್ಕೆ ಬಟ್ಟೆ ಕೊಡಲು ಹೊರಟಾಗ, ಶ್ರೀಮಹಾವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ಪಡೆದರೆಂದು ದೇವಾಂಗ ಪುರಾಣ ಹೇಳುತ್ತದೆ. ಆ ನೂಲನ್ನು ತರುವಾಗ ದಾರಿಯಲ್ಲಿ ರಾಕ್ಷಸರು ಅಡ್ಡಗಟ್ಟಿದರು. ಋಷಿಯು ಮೊರೆಯಿಟ್ಟಾಗ ಕಾಪಾಡಲು ಬಂದವಳೇ ನಮ್ಮ ತಾಯಿ ಚೌಡೇಶ್ವರಿ. ಅಂದರೆ ಮಗ್ಗದ ಮೇಲಿನ ಮೊದಲ ಎಳೆಯೇ ಹೂವಿನ ದಂಟಿನಿಂದ ಬಂದದ್ದು. ಅಂತಹ ಕುಲದ ಮನೆಗಳ ಅಂಗಳದಲ್ಲಿ ಇಂದು ಒಂದು ಹೂವಿನ ಗಿಡವಿಲ್ಲವೆಂದರೆ ಕೇಳುವವರಿಗೆ ಹೇಗನ್ನಿಸೀತು?

ಇದನ್ನು ಯಾರ ಮೇಲೂ ತಪ್ಪು ಹೊರಿಸಲು ಹೇಳುತ್ತಿಲ್ಲ. ಮನೆ ದೊಡ್ಡದಾಯಿತು, ಅಂಗಳಕ್ಕೆ ಸಿಮೆಂಟು ಬಿತ್ತು, ಬಾಗಿಲ ಮುಂದೆ ಬೈಕು ನಿಂತಿತು. ಹೂವು ಬೇಕಾದರೆ ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ನಮ್ಮ ಪಕ್ಕದ ಸತ್ಯಮಂಗಲದ ಹೂವಿನ ಸಂತೆ ಹೆಸರಾದದ್ದು. ಅಲ್ಲಿಯ ರೈತರು ಕೈ ಬಿಡದೆ ಬೆಳೆಯುವುದರಿಂದಲೇ ನಮ್ಮ ಗುಡಿಗೆ ಬುಟ್ಟಿಗಟ್ಟಲೆ ಹೂವು ಬರುತ್ತದೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಮಾತು ನನ್ನದಲ್ಲ. ಆದರೆ ಆಯುಧ ಪೂಜೆಯ ಹಿಂದಿನ ದಿನ ಹೂವಿನ ಬೆಲೆ ಕೇಳಿ ಅರ್ಧ ಮೊಳ ಸಾಕೆಂದು ಹಿಂದಿರುಗುವ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ಬಣ್ಣದ ನೀರಿನಲ್ಲಿ ಅದ್ದಿದ ಸುಗಂಧರಾಜದ ಹಾರ, ವರ್ಷವಿಡೀ ಧೂಳು ಹಿಡಿದು ತೂಗುವ ಪ್ಲಾಸ್ಟಿಕ್ ಹಾರ, ಇವೂ ದೇವರ ಪಟಗಳಿಗೆ ಬಂದುಬಿಟ್ಟಿವೆ.

ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗದಂತಹುದು. ನಾವು ತಮಿಳು ನಾಡಿನಲ್ಲಿ ತಲೆತಲಾಂತರದಿಂದ ಬಾಳುತ್ತಾ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡವರು. ಶಾಲೆ, ಅಂಗಡಿ, ಆಫೀಸು ಎಲ್ಲ ತಮಿಳು. ಅದು ನಮಗೆ ಅನ್ನ ಕೊಟ್ಟ ಭಾಷೆ, ಅದಕ್ಕೆ ನಮಸ್ಕಾರ. ಮನೆಮಾತು ಉಳಿದಿರುವುದು ಅಡಿಗೆಮನೆ, ಮಗ್ಗದ ಕುಳಿ, ಹಿತ್ತಿಲು, ಈ ಮೂರು ಜಾಗಗಳಲ್ಲಿ. ಹಿತ್ತಿಲಿನಲ್ಲಿ ಗಿಡವಿದ್ದರೆ ಅಜ್ಜಿ ಮೊಮ್ಮಗಳಿಗೆ ದಾಸವಾಳ ಕಿತ್ತು ತಾ ಅನ್ನುತ್ತಾಳೆ, ಕಣಗಿಲೆ ಮುಟ್ಟಿದ ಕೈ ಬಾಯಿಗೆ ಇಡಬೇಡ ಅನ್ನುತ್ತಾಳೆ. ಗಿಡವಿಲ್ಲದಿದ್ದರೆ ಆ ಮಾತು ಎಲ್ಲಿ ಆಡುವುದು? ಮಗುವಿಗೆ ದಾಸವಾಳ ಸೆಂಬರುತ್ತಿಯಾಗಿ ಮಾತ್ರ, ಕಣಗಿಲೆ ಅರಳಿಯಾಗಿ ಮಾತ್ರ ಗೊತ್ತಿರುತ್ತದೆ. ಎರಡೂ ಹೆಸರು ಗೊತ್ತಿರಲಿ ಎಂಬುದು ನನ್ನ ಆಸೆ.

ಹಾಗಾದರೆ ಗಿಡ ನೆಡಿ ಎಂದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: “ನೆಟ್ಟೆವು ಅಣ್ಣಾ, ನಮ್ಮ ಕೈಗೆ ಬರಲಿಲ್ಲ, ಒಣಗಿಹೋಯಿತು.” ಕೈಗುಣವೆಂದು ಅದನ್ನು ಬಿಟ್ಟುಬಿಡಬಾರದು. ಹೂವಿನ ಗಿಡ ನಾಜೂಕಿನದು. ಯಾವ ಗಿಡ ಯಾವುದಕ್ಕೆ ಹೆದರುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ತಲೆಯ ಮೇಲೆಯೇ ನೀಲಗಿರಿ ಬೆಟ್ಟವಿದೆ. ಮೇಟ್ಟುಪಾಳ್ಯದ ರೈಲು ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 326 ಮೀಟರ್ ಎತ್ತರ, ಊಟಿ ನಿಲ್ದಾಣ ಸುಮಾರು 2,203 ಮೀಟರ್. ನಡುವೆ ಇರುವುದು 46 ಕಿಲೋಮೀಟರ್ ರೈಲು ದಾರಿ, ಆದರೆ ಹವೆಯೇ ಬೇರೆ. ಊಟಿಯಲ್ಲಿ 1896ರಿಂದ ಹೂವಿನ ಪ್ರದರ್ಶನ ನಡೆಯುತ್ತಾ ಬಂದಿದೆ. ಮೇ ತಿಂಗಳಿನಲ್ಲಿ ಅದನ್ನು ನೋಡಿ ಮರುಳಾಗಿ, ಬರುವಾಗ ಒಂದು ಸಸಿ ಕೊಂಡು ತರುತ್ತೇವೆ. ತಂಪಿನಲ್ಲಿ ಬೆಳೆದ ಆ ಸಸಿ ಚಿತ್ತಿರೆಯ ಬಿಸಿಲಿಗೆ ಬಂದು ಬಿದ್ದರೆ ಎಷ್ಟು ದಿನ ಬಾಳೀತು? ಹಾಗೆಯೇ ನಮ್ಮ ಕನಕಾಂಬರವನ್ನು ಊಟಿಯಲ್ಲಿ ಬಯಲಿಗೆ ನೆಟ್ಟರೆ ಮಾರ್ಗಳಿಯ ಇಬ್ಬನಿ ಗಡ್ಡೆ ಕಟ್ಟುವ ಒಂದು ರಾತ್ರಿಗೇ ಸುಟ್ಟಂತಾಗುತ್ತದೆ. ಗಿಡದ್ದೂ ತಪ್ಪಲ್ಲ, ಕೈಯದೂ ತಪ್ಪಲ್ಲ. ಊರು ತಪ್ಪಿದ್ದು.

ಆದ್ದರಿಂದ ನಮ್ಮ ಊರಿಗೆ ಒಗ್ಗುವ ಒಂದು ಗಿಡವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದು ಕನಕಾಂಬರ. ಕನಕ ಎಂದರೆ ಚಿನ್ನ, ಅಂಬರ ಎಂದರೆ ಬಟ್ಟೆ. ಜರಿಯ ಸೀರೆ ನೇಯುವ ಊರಿಗೆ ಇದಕ್ಕಿಂತ ಹೊಂದುವ ಹೂವು ಯಾವುದಿದೆ? ದಕ್ಷಿಣ ಭಾರತ ಮತ್ತು ಶ್ರೀಲಂಕೆಯೇ ಇದರ ತವರು. ಚಳಿದೇಶಗಳವರು ಇದನ್ನು ಕುಂಡದಲ್ಲಿಟ್ಟು ಮನೆಯೊಳಗೆ ಕಿಟಕಿಯ ಬಳಿ ಸಾಕುತ್ತಾರೆ. ಅವರು ಗಾಜಿನ ಹಿಂದೆ ಕಾಪಾಡುವ ಗಿಡ ನಮ್ಮಲ್ಲಿ ಬಯಲಿನಲ್ಲಿ, ನೆರಳು ಬಿಸಿಲು ಬೆರೆತ ಮೂಲೆಯಲ್ಲಿ, ವರ್ಷದ ಹೆಚ್ಚಿನ ದಿನ ಹೂವು ಕೊಡುತ್ತದೆ. ವಾಸನೆಯಿಲ್ಲ ಎನ್ನುವವರುಂಟು. ಮಲ್ಲಿಗೆ, ಮರುಗ ಜೊತೆಗೆ ಸೇರಿಸಿ ಕಟ್ಟಿ ನೋಡಿ, ವಾಸನೆ ಅವುಗಳದು, ಬಣ್ಣ ಇದರದು.

ಈ ಗಿಡಕ್ಕೆ ನಾಲ್ಕು ಶತ್ರುಗಳು.

ಮೊದಲನೆಯದು ನಿಂತ ನೀರು. ನಮ್ಮ ಕಡೆ ಐಪ್ಪಸಿ, ಕಾರ್ತಿಕ ಮಾಸಗಳಲ್ಲಿ ಈಶಾನ್ಯ ಮಳೆ ಹಿಡಿಯುತ್ತದೆ. ಕನಕಾಂಬರದ ಬೇರು ಕೆಸರಿನಲ್ಲಿ ನಿಂತರೆ ಕೊಳೆಯುತ್ತದೆ. ನೆಲದಲ್ಲಿ ನೆಡುವವರು ಒಂದು ಗೇಣು ಎತ್ತರದ ದಿಬ್ಬ ಮಾಡಿ ನೆಡಬೇಕು. ಕುಂಡವೋ ಹಳೆಯ ಬಣ್ಣದ ಡಬ್ಬಿಯೋ ಆದರೆ ಅಡಿಯಲ್ಲಿ ನಾಲ್ಕು ತೂತು, ಮೇಲೆ ಒಡೆದ ಹಂಚಿನ ಚೂರು, ಆಮೇಲೆ ಕೆಮ್ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಮೂರೂ ಸಮಪಾಲು. ಡಬ್ಬಿಯನ್ನು ಎರಡು ಇಟ್ಟಿಗೆಯ ಮೇಲೆ ಇಟ್ಟರೆ ನೀರು ಸರಾಗವಾಗಿ ಇಳಿಯುತ್ತದೆ. ದಸರಾ ಮುಗಿದೊಡನೆ ಮಾಡಬೇಕಾದ ಕೆಲಸ ಇದು. ಮಳೆ ಕಾಯುವುದಿಲ್ಲ.

ಎರಡನೆಯದು ಚಳಿ. ನಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಮಾರ್ಗಳಿಯಲ್ಲಿ ಬೆಟ್ಟದಿಂದ ಇಳಿಯುವ ಗಾಳಿಗೆ ಗಿಡ ಸುಮ್ಮನಾಗುತ್ತದೆ, ಹೂವು ಕಡಿಮೆಯಾಗುತ್ತದೆ. ಮಲ್ಲಿಗೆಯದೂ ಅದೇ ಕಥೆ. ಚಳಿಗಾಲದಲ್ಲಿ ಸತ್ಯಮಂಗಲದಲ್ಲಿ ಮಲ್ಲಿಗೆಯ ಬೆಲೆ ಕಿಲೋಗೆ ಸಾವಿರಗಳ ಲೆಕ್ಕಕ್ಕೆ ಏರುವುದು ಮೊಗ್ಗು ಕಟ್ಟದ ಕಾರಣದಿಂದಲೇ. ಹೂವು ನಿಂತಿತೆಂದು ಗೊಬ್ಬರ ಸುರಿಯಬೇಡಿ. ಗಿಡ ವಿಶ್ರಾಂತಿಯಲ್ಲಿದೆ. ನೀರು ಕಡಿಮೆ ಮಾಡಿ, ಸಂಜೆ ಬಿಟ್ಟು ಬೆಳಿಗ್ಗೆ ಮಾತ್ರ ಹಾಕಿ. ಕುಂಡವನ್ನು ಬಿಸಿಲು ಬೀಳುವ ಗೋಡೆಯ ಪಕ್ಕಕ್ಕೆ ಸರಿಸಿ.

ಮೂರನೆಯದು ಪಂಗುನಿ, ಚಿತ್ತಿರೆಯ ಬಿಸಿಲು. ಸಿಮೆಂಟು ಅಂಗಳದ ಕಾವು ಕೆಳಗಿನಿಂದಲೂ ಗಿಡವನ್ನು ಸುಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ತೆಂಗಿನ ಗರಿಯ ತಡಿಕೆ ನೆರಳು ಸಾಕು. ಬುಡಕ್ಕೆ ತೆಂಗಿನ ನಾರು ಇಲ್ಲವೆ ಒಣಗಿದ ಎಲೆ ಮುಚ್ಚಿದರೆ ತೇವ ಆರುವುದಿಲ್ಲ.

ನಾಲ್ಕನೆಯದು ಬೇರಿಗೆ ಬರುವ ರೋಗ. ಸಣ್ಣ ಜಂತುಹುಳು ಬೇರಿನಲ್ಲಿ ಸೇರಿ ಗಂಟು ಕಟ್ಟುತ್ತದೆ. ಆ ಗಾಯದ ಮೂಲಕ ಸೊರಗು ರೋಗದ ಬೂಷ್ಟು ಒಳಗೆ ಹೋಗುತ್ತದೆ. ನಿನ್ನೆ ಚೆನ್ನಾಗಿದ್ದ ಗಿಡ ಬಾಡತೊಡಗುತ್ತದೆ. ನೀರಿಲ್ಲದೆ ಬಾಡಿತೆಂದು ನಾವು ಇನ್ನೂ ಎರಡು ಚೊಂಬು ಹಾಕುತ್ತೇವೆ, ಅದು ಇನ್ನೂ ಬೇಗ ಸಾಯುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ ನೀರು ನಿಲ್ಲಿಸಿ. ಸತ್ತ ಗಿಡವನ್ನು ಬೇರು ಸಹಿತ ಕಿತ್ತು ಸುಟ್ಟುಹಾಕಿ, ಅದೇ ಮಣ್ಣಿನಲ್ಲಿ ಮತ್ತೆ ಕನಕಾಂಬರ ನೆಡಬೇಡಿ. ನೆಡುವಾಗಲೇ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ನೆಲದಲ್ಲಾದರೆ ನಡುನಡುವೆ ಚೆಂಡುಹೂವಿನ ಗಿಡ ಹಾಕಿ. ಚೆಂಡುಹೂವಿನ ಬೇರು ಆ ಹುಳುವನ್ನು ತಗ್ಗಿಸುತ್ತದೆ, ಹೂವು ಬಾಗಿಲಿನ ತೋರಣಕ್ಕೂ ಆಗುತ್ತದೆ.

ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ, ಎಲೆ ಹಳದಿಯಾಗಿದೆ, ಯೂರಿಯಾ ಹಾಕಲೇ ಎಂದು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಅಂಶದ ಕೊರತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಹೀಗಾಗುತ್ತದೆ, ಯೂರಿಯಾದಿಂದ ಹೋಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ, ಬಿಸಿಲೇರುವ ಮುನ್ನ ಎಲೆಗಳ ಮೇಲೆ ಚಿಮುಕಿಸಿ. ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ನೂಲಿಗೆ ಬಣ್ಣ ಹಾಕಿದ ನೀರು, ಸೋಪಿನ ನೀರು ಗಿಡದ ಬುಡಕ್ಕೆ ಹೋಗಬಾರದು. ಅಕ್ಕಿ ತೊಳೆದ ನೀರು ಧಾರಾಳವಾಗಿ ಹೋಗಲಿ.

ಹಿರಿಯರು ಅತಿಯಾದರೆ ಅಮೃತವೂ ವಿಷ ಎಂದರು. ಗಿಡಗಳು ನಮ್ಮ ಮರೆವಿನಿಂದ ಸಾಯುವುದಕ್ಕಿಂತ ಹೆಚ್ಚಾಗಿ ನಮ್ಮ ಅತಿ ಪ್ರೀತಿಯಿಂದ ಸಾಯುತ್ತವೆ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣಿನಷ್ಟು ಇಳಿಸಿ ನೋಡಿ. ಒಣಗಿದ್ದರೆ ನೀರು, ಒದ್ದೆಯಿದ್ದರೆ ನಾಳೆ. ಮಗ್ಗದಲ್ಲಿ ಕೂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಸಿನ ಎಳೆಯನ್ನು ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂದು ನಿಮ್ಮ ಬೆರಳಿಗೇ ಗೊತ್ತು.

ಸಸಿ ಎಲ್ಲಿಂದ ತರುವುದು ಎಂದರೆ, ಸಾದಾ ಕನಕಾಂಬರ ಬೀಜದಿಂದ ಬರುತ್ತದೆ. ಒಣಗಿದ ಕಾಯಿಗೆ ನೀರು ತಾಗಿದರೆ ಪಟ್ಟೆಂದು ಸಿಡಿಯುತ್ತದೆ, ಮಕ್ಕಳಿಗೆ ಅದೊಂದು ಆಟ. ದೊಡ್ಡ ಹೂವಿನ ಡೆಲ್ಲಿ ಕನಕಾಂಬರ ಬೀಜ ಕಟ್ಟುವ ಜಾತಿಯಲ್ಲ, ಕಡ್ಡಿಯಿಂದಲೇ ಮಾಡಬೇಕು. ಡೆಲ್ಲಿ ಕನಕಾಂಬರದ ಬೀಜ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ನೆರೆಮನೆಯಿಂದ ಒಂದು ಗೇಣುದ್ದದ ಕಡ್ಡಿ ಕೇಳಿ ತಂದು, ಕೆಳಗಿನ ಎಲೆ ತೆಗೆದು, ನೆರಳಿನಲ್ಲಿ ಮರಳು ಬೆರೆತ ಮಣ್ಣಿನಲ್ಲಿ ಊರಿದರೆ ಕೆಲವು ವಾರಗಳಲ್ಲಿ ಬೇರು ಬರುತ್ತದೆ. ಆನಿ ತಿಂಗಳಿನಲ್ಲಿ ಊರಿದರೆ ದಸರೆಗೆ ಹೂವು ನೋಡಬಹುದು.

ಕೀಳುವ ಕ್ರಮವೂ ಇದೆ. ಕನಕಾಂಬರದ ತೆನೆ ಕೆಳಗಿನಿಂದ ಮೇಲಕ್ಕೆ ದಿನಕ್ಕಿಷ್ಟು ಎಂದು ಅರಳುತ್ತದೆ. ತೆನೆಯನ್ನೇ ಮುರಿಯದೆ ದಿನ ಬಿಟ್ಟು ದಿನ ಅರಳಿದ ಹೂವು ಮಾತ್ರ ಬಿಡಿಸಿಕೊಳ್ಳಿ. ಎಲ್ಲ ಅರಳಿ ಮುಗಿದ ತೆನೆಯನ್ನು ಬುಡಕ್ಕೆ ಕತ್ತರಿಸಿದರೆ ಪಕ್ಕದಲ್ಲಿ ಹೊಸ ತೆನೆ ಬರುತ್ತದೆ. ಗುಂಡು ಮಲ್ಲಿಗೆ ಇರುವವರು ನವೆಂಬರ್ ಕೊನೆಯ ವಾರದಲ್ಲಿ ನೆಲದಿಂದ 50 ಸೆಂಟಿಮೀಟರ್ ಬಿಟ್ಟು ಮೇಲಿನದನ್ನು ಕತ್ತರಿಸಬೇಕು. ಬೆಳೆದ ಗಿಡವನ್ನು ಕತ್ತರಿಸಲು ಮನಸ್ಸು ಬಾರದು. ಆದರೆ ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಬೋಳಾದ ಗಿಡವೇ ಬೇಸಿಗೆಯಲ್ಲಿ ತುಂಬಿ ನಿಲ್ಲುತ್ತದೆ.

ಕೊನೆಯದಾಗಿ ನನ್ನ ಬಿನ್ನಹ. ಹಿತ್ತಿಲಿರುವವರು ಒಂದು ಸಾಲು, ಇಲ್ಲದವರು ಮಾಳಿಗೆಯ ಮೇಲೆ ಎರಡು ಕುಂಡ, ಬಾಡಿಗೆ ಮನೆಯವರು ಬಾಗಿಲ ಬಳಿ ಒಂದು ಡಬ್ಬಿ ಇಡಿ. ಮುಂದಿನ ದಸರೆಗೆ ಕಲಶ ಬರುವಾಗ, ವೀರಕುಮಾರರು ಅಲಗು ಹಿಡಿದು ಮುಂದೆ ಸಾಗುವಾಗ, ಪ್ರತಿ ಮನೆಯಿಂದ ಒಂದು ಹಿಡಿ ಮನೆಯ ಹೂವು ತಾಯಿಗೆ ಬರಲಿ. ಹಾರ ಕೊಂಡದ್ದೇ ಇರಲಿ, ಈ ಒಂದು ಹಿಡಿ ಮಾತ್ರ ಬೆಳೆದದ್ದಾಗಿರಲಿ. ಅದನ್ನು ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಕೊಟ್ಟು, ಹೂವಿನ ಹೆಸರನ್ನು ನಮ್ಮ ಮನೆಮಾತಿನಲ್ಲಿ ಹೇಳಿಕೊಟ್ಟು ಕಳಿಸಿ. ಸಾವಿರ ರೂಪಾಯಿಯ ಹಾರಕ್ಕೆ ತಾಯಿ ಒಲಿಯುತ್ತಾಳೋ ಒಂದು ಹಿಡಿ ಕನಕಾಂಬರಕ್ಕೆ ಒಲಿಯುತ್ತಾಳೋ ಹೇಳಲು ನಾನು ಯಾರು? ಆದರೆ ಮಳೆ, ಚಳಿ, ಬಿಸಿಲು ಮೂರನ್ನೂ ದಾಟಿಸಿ ಒಂದು ನಾಜೂಕು ಜೀವವನ್ನು ಕಾಪಾಡಿದ ಮನೆಯಲ್ಲಿ, ಮಕ್ಕಳೂ ಮುದುಕರೂ ಚೆನ್ನಾಗಿ ಕಾಪಾಡಲ್ಪಡುತ್ತಾರೆ ಎಂಬುದು ನನ್ನ ನಂಬಿಕೆ.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂಬ ಗಾದೆಯಿದೆ. ನಾರು, ನೂಲು ನಮ್ಮ ಕುಲದ ಕೈಯಲ್ಲಿ ಯಾವಾಗಲೂ ಇತ್ತು. ಹೂವೂ ನಮ್ಮ ಕೈಯದೇ ಆಗಲಿ.

ಶ್ರೀ ರಾಮಲಿಂಗ ಚೌಡೇಶ್ವರಿ ಅಮ್ಮನು ಸಮಸ್ತರಿಗೂ ಆಯುರಾರೋಗ್ಯ ಐಶ್ವರ್ಯಗಳನ್ನು ಕೊಟ್ಟು ಕಾಪಾಡಲೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.

ಶುಭಮಸ್ತು.