ಬಸುರಿಯ ಬಲಪಕ್ಕೆಯ ನೋವು



ಏಳೆಂಟು ತಿಂಗಳು ತುಂಬಿದ ಗರ್ಭಿಣಿಯು ಪಕ್ಕೆಲುಬಿನ ಕೆಳಗೆ ನೋವೆಂದು ನರಳಿ ವಾಂತಿ ಮಾಡಿಕೊಂಡರೆ, 'ಪಿತ್ತ ಕೆರಳಿದೆ'ಯೆಂದು ಹಿರಿಯರು ಜೀರಿಗೆಯ ಕಷಾಯವನ್ನು ಕೊಡುವುದುಂಟು. ಬಹುಮಟ್ಟಿಗೆ ಅದು ಅಜೀರ್ಣವೇ ಆಗಿರಬಹುದು. ಆದರೆ ಅದೇ ನೋವು ಕೆಲವು ವೇಳೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಎರವಾಗುವ ವ್ಯಾಧಿಯ ಮುನ್ಸೂಚನೆಯಾಗಿರುವುದರಿಂದ, ಆ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇವೆ.

ಗರ್ಭದ 20ನೆಯ ವಾರದ ತರುವಾಯ ರಕ್ತದ ಒತ್ತಡವು 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಂಡರೆ, ವೈದ್ಯರು ಅದನ್ನು ಪ್ರಿ-ಎಕ್ಲಾಂಪ್ಸಿಯ ಎಂದು ಕರೆಯುತ್ತಾರೆ. ಇದರ ಮೂಲವಿರುವುದು ಮಾಸಿನಲ್ಲಿ. ಮಾಸಿಗೆ ರಕ್ತವನ್ನೊಯ್ಯುವ ನಾಳಗಳು ಸಾಕಷ್ಟು ಹಿಗ್ಗದೆ ಹೋದರೆ, ಮಾಸಿನಿಂದ ಹೊರಡುವ ಕೆಲವು ದ್ರವ್ಯಗಳು ತಾಯಿಯ ರಕ್ತನಾಳಗಳ ಒಳಪೊರೆಯನ್ನು ಕೆಡಿಸುತ್ತವೆ. ಕೆಲವರಲ್ಲಿ ಈ ಕೇಡು ಯಕೃತ್ತಿಗೂ ತಗಲುತ್ತದೆ. ಅಲ್ಲಿನ ಸೂಕ್ಷ್ಮನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ಕೆಟ್ಟ ನಾಳಗಳಲ್ಲಿ ನುಸುಳುವ ಕೆಂಪು ಕಣಗಳು ಒಡೆಯುತ್ತವೆ. ರಕ್ತಸ್ರಾವವನ್ನು ತಡೆಯಬೇಕಾದ ಪ್ಲೇಟ್‌ಲೆಟ್ಟುಗಳು ವ್ಯಯವಾಗಿಹೋಗುತ್ತವೆ. ಯಕೃತ್ತಿನ ಜೀವಕೋಶಗಳು ನಶಿಸಿ, ಅವುಗಳ ಎಂಜೈಮುಗಳು ರಕ್ತವನ್ನು ಸೇರುತ್ತವೆ. ಈ ಲಕ್ಷಣಗಳ ಕೂಟಕ್ಕೆ 1982ರಲ್ಲಿ ಅಮೆರಿಕದ ವೈದ್ಯ ಲೂಯಿ ವೈನ್‌ಸ್ಟೈನರು ಇಂಗ್ಲಿಷು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 'ಹೆಲ್ಪ್' ಎಂದು ಹೆಸರಿಟ್ಟರು. ಊದಿಕೊಂಡ ಯಕೃತ್ತು ತನ್ನ ಮೇಲಿನ ತೆಳುಪೊರೆಯನ್ನು ಜಗ್ಗುವುದೇ ನೋವಿಗೆ ಕಾರಣ. ಅಪರೂಪವಾಗಿ ಆ ಪೊರೆಯ ಅಡಿಯಲ್ಲಿ ರಕ್ತವು ತುಂಬಿ, ಪೊರೆ ಹರಿದು, ಘೋರವಾದ ವಿಪತ್ತು ಸಂಭವಿಸುವುದೂ ಉಂಟು.

ಈ ವ್ಯಾಧಿಯು ಎರಡು ಬಗೆಯಲ್ಲಿ ನಮ್ಮನ್ನು ವಂಚಿಸುತ್ತದೆ. ಕೆಲವರಲ್ಲಿ ರಕ್ತದ ಒತ್ತಡವು ಮೊದಮೊದಲು ಏರಿರುವುದೇ ಇಲ್ಲ. ಇನ್ನು ಕೆಲವರಲ್ಲಿ ಹೆರಿಗೆಯಾದ ಮೇಲೆ, ವಿಶೇಷವಾಗಿ ಮೊದಲ 48 ಗಂಟೆಗಳಲ್ಲಿ, ಇದು ತಲೆದೋರುತ್ತದೆ. ಆದುದರಿಂದ ಮಗುವಿನ ಮುಖವನ್ನು ನೋಡಿದ ಸಂತೋಷದಲ್ಲಿ ಬಾಣಂತಿಯ ನರಳಾಟವನ್ನು ನಾವು ಮರೆಯಲಾಗದು.

ಪರೀಕ್ಷೆಯೇನೋ ಸುಲಭವಾದುದು: ಒತ್ತಡವನ್ನು ಅಳೆಯುವುದು, ಮೂತ್ರವನ್ನು ನೋಡುವುದು, ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳನ್ನೂ ಯಕೃತ್ತಿನ ಎಂಜೈಮುಗಳನ್ನೂ ಎಣಿಸಿ ಅಳೆಯುವುದು. ಪ್ಲೇಟ್‌ಲೆಟ್ಟುಗಳು ಒಂದು ಮೈಕ್ರೋಲೀಟರಿಗೆ 1,00,000ಕ್ಕಿಂತ ಇಳಿದರೆ ಅಪಾಯವೆಂದು ತಿಳಿಯಬೇಕು. ಒತ್ತಡವನ್ನಿಳಿಸುವ ಮದ್ದುಗಳೂ, ಸೆಳವನ್ನು ತಡೆಯುವ ಮೆಗ್ನೀಸಿಯಮ್ ಸಲ್ಫೇಟೂ ಇವೆ. ಆದರೆ ರೋಗದ ಬೇರನ್ನು ಕೀಳುವ ಉಪಾಯ ಒಂದೇ, ಅದು ಹೆರಿಗೆ. ದಿನ ತುಂಬದಿದ್ದರೂ ವೈದ್ಯರು ಹೆರಿಗೆಯಾಗಲೆಂದು ಒತ್ತಾಯಪಡಿಸುವುದು ಆತುರದಿಂದಲ್ಲ, ತಾಯಿಯನ್ನು ಉಳಿಸಿಕೊಳ್ಳುವುದಕ್ಕಾಗಿ. ಒಮ್ಮೆ ಈ ವ್ಯಾಧಿಗೆ ಗುರಿಯಾದವರು ಮುಂದಿನ ಬಸುರಿನಲ್ಲಿ ಮೊದಲೇ ವೈದ್ಯರಿಗೆ ತಿಳಿಸಬೇಕು. ಅಲ್ಪ ಪ್ರಮಾಣದ ಆಸ್ಪಿರಿನ್ನನ್ನು 16ನೆಯ ವಾರಕ್ಕೆ ಮೊದಲೇ ಆರಂಭಿಸುವುದು ಪ್ರಿ-ಎಕ್ಲಾಂಪ್ಸಿಯದ ಸಂಭವವನ್ನು ತಗ್ಗಿಸುತ್ತದೆ.

ಕಷಾಯವನ್ನು ತ್ಯಜಿಸಿರೆಂದು ನಾವು ಹೇಳುತ್ತಿಲ್ಲ. ಬಲಪಕ್ಕೆಯ ನೋವು, ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳು ಬಾಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರೆಂದಷ್ಟೇ ನಮ್ಮ ಬಿನ್ನಹ. ಪಿತ್ತವೇ ಆಗಿದ್ದರೆ ಒಂದು ರಾತ್ರಿಯ ನಿದ್ರೆ ಹೋದೀತು. ಅಲ್ಲದಿದ್ದರೆ ಎರಡು ಜೀವಗಳು ಉಳಿದಾವು.