ಓದು ಮೊದಲು, ಮಾತು ಆಮೇಲೆ: ರಾತ್ರಿ ಶಾಲೆಯ ಇಂಗ್ಲಿಷಿನಿಂದ ಕಲಿಯಬೇಕಾದದ್ದು

(ಸಂಘದ ವಾಚನಾಲಯದಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನಮ್ಮ ವಾಚನಾಲಯದಲ್ಲಿ ವಾರಕ್ಕೆರಡು ಸಂಜೆ ವಯಸ್ಕರಿಗಾಗಿ ಇಂಗ್ಲಿಷ್ ತರಗತಿಯನ್ನು ನಡೆಸಬೇಕೆಂಬ ಸೂಚನೆಯೊಂದು ಸಮಿತಿಯ ಮುಂದಿದೆ. ಕನ್ನಡ ಸಂಘಕ್ಕೇಕೆ ಇಂಗ್ಲಿಷಿನ ಉಸಾಬರಿ ಎಂದು ಕೆಲವರು ಕೇಳಿದ್ದಾರೆ. ತರಗತಿ ನಡೆಯಲಿ, ಆದರೆ ಅದು ಮಾತನಾಡುವ ಇಂಗ್ಲಿಷಿನ ತರಗತಿಯಾಗಿರಲಿ, ಅಲ್ಲಿ ಕನ್ನಡದ ಒಂದು ಶಬ್ದವೂ ಕೇಳಿಸದಿರಲಿ ಎಂಬುದು ಇನ್ನು ಕೆಲವರ ಆಗ್ರಹ. ಈ ಎರಡು ಪಕ್ಷಗಳಿಗೂ ನನ್ನ ಸಮ್ಮತಿಯಿಲ್ಲ. ಏಕೆಂಬುದನ್ನು ತಮ್ಮೆದುರು ಇಡಲು ಅನುಮತಿ ಬೇಡುತ್ತೇನೆ.

ಮೊದಲನೆಯ ಪ್ರಶ್ನೆಗೆ ಈ ಮುಂಬಯಿ ನಗರದ ಇತಿಹಾಸವೇ ಉತ್ತರ ಹೇಳುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಇಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲೆಲ್ಲ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದ ತುಳುನಾಡಿನ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಕನ್ನಡದ ಮೂಲಕ ಇಂಗ್ಲಿಷ್ ಕಲಿತರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ಪಾಠದಲ್ಲಿ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್: ಅವರಿಗೆ ಇದು ಎರಡನೆಯ ಭಾಷೆಯೂ ಅಲ್ಲ, ನಾಲ್ಕನೆಯದೋ ಐದನೆಯದೋ. ಅವರಲ್ಲಿ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ. ಅಂಥ ಶಾಲೆಗಳಲ್ಲಿ ಅನೇಕವು ಈಗ ಮುಚ್ಚಿವೆ. ಆದರೆ ಕಲಿಯಬೇಕಾದವರು ಇಲ್ಲದೆ ಹೋಗಿಲ್ಲ, ಬದಲಾಗಿದ್ದಾರೆ ಅಷ್ಟೆ. ಮದುವೆಯಾಗಿ ಊರಿನಿಂದ ಬಂದು, ಹೌಸಿಂಗ್ ಸೊಸೈಟಿಯ ನೋಟೀಸನ್ನೂ ಆಸ್ಪತ್ರೆಯ ಕಾಗದವನ್ನೂ ಮಗ ಸಂಜೆ ಮನೆಗೆ ಬರುವ ತನಕ ಹಾಗೆಯೇ ಮಡಿಸಿಡುವ ನಮ್ಮ ಅಕ್ಕತಂಗಿಯರನ್ನು ನೋಡಿ. ಅವರಿಗೆ ಬೇಕಾದ ಇಂಗ್ಲಿಷ್ ಯಾವುದು? ತಿರುಗಿ ಮಾತನಾಡುವುದಕ್ಕಿಂತ ಮೊದಲು, ಓದಿ ತಿಳಿಯುವ ಇಂಗ್ಲಿಷ್.

ಇದು ನನ್ನೊಬ್ಬನ ವಿಚಾರವಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಣಾಧಿಕಾರಿ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಬಂಗಾಳಿ ಹುಡುಗರಲ್ಲಿ ಬಹುಪಾಲು ಮಂದಿ ಶಾಲೆಯನ್ನು ನಡುವಿನಲ್ಲೇ ಬಿಡುವುದನ್ನು ಕಂಡು ಅವನು ವಿಮೆಯ ಲೋಕದಿಂದ ಒಂದು ಮಾತನ್ನು ಎರವಲು ತಂದ: ಸರೆಂಡರ್ ವ್ಯಾಲ್ಯೂ. ಎಲ್.ಐ.ಸಿ. ಪಾಲಿಸಿಯನ್ನು ಅರ್ಧದಲ್ಲಿ ನಿಲ್ಲಿಸಿದರೆ ಕೈಗೆ ಬರುವ ಹಣವೆಷ್ಟು ಎಂಬ ಲೆಕ್ಕ ಇಲ್ಲಿ ಕುಳಿತವರಿಗೆಲ್ಲ ಗೊತ್ತಿದೆ. ಕಲಿಕೆಗೂ ಅದೇ ಲೆಕ್ಕ. ಅರೆಬರೆ ಕಲಿತ ಮಾತು, ಮಾತನಾಡುವ ಜೊತೆಗಾರರಿಲ್ಲದೆ, ಬೇಗನೆ ಮರೆತುಹೋಗುತ್ತದೆ. ಅಷ್ಟೇ ಕಾಲ ಕಲಿತ ಓದು ಕೈಯಲ್ಲಿ ಉಳಿಯುತ್ತದೆ, ಒಂಟಿಯಾಗಿ ಕುಳಿತವನೂ ಅದನ್ನು ಬೆಳೆಸಿಕೊಳ್ಳಬಹುದು. ವೆಸ್ಟ್ ವಸಾಹತು ಸರಕಾರದ ನೌಕರ, ಅವನ ಕಾಳಜಿಗಳೆಲ್ಲ ನಮ್ಮವಲ್ಲ ಎಂಬುದು ನಿಜ. ಆದರೂ ಅರ್ಧಕ್ಕೆ ಬಿಟ್ಟುಹೋಗುವ ವಿದ್ಯಾರ್ಥಿಯನ್ನು ಲೆಕ್ಕಕ್ಕೆ ಹಿಡಿದು ಪಾಠವನ್ನು ಯೋಚಿಸಿದವರು ವಿರಳ. ತಿಂಗಳಿಗೊಮ್ಮೆ ಪಾಳಿ ಬದಲಾಗುವ ಹೋಟೆಲ್ ಕೆಲಸಗಾರನಿಗೆ, ಮಳೆಗಾಲದಲ್ಲಿ ರೈಲು ನಿಂತರೆ ತರಗತಿ ತಪ್ಪುವ ಗೃಹಿಣಿಗೆ ಈ ಲೆಕ್ಕವೇ ಸರಿಯಾದದ್ದು.

ಇನ್ನು ಶಬ್ದಸಂಪತ್ತು. ಅದೇ ವೆಸ್ಟ್ 1953ರಲ್ಲಿ ಸುಮಾರು 2000 ಇಂಗ್ಲಿಷ್ ಶಬ್ದಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಸಾಮಾನ್ಯ ಬರಹದ ಐದರಲ್ಲಿ ನಾಲ್ಕು ಪಾಲು ಈ ಶಬ್ದಗಳಿಂದಲೇ ಆಗಿರುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಉಳಿದ ಐದನೆಯ ಪಾಲಿನಲ್ಲೇ ಸಾಮಾನ್ಯವಾಗಿ ವಾಕ್ಯದ ಜೀವವಿರುತ್ತದೆ. ಯಾರ ನೆರವೂ ಇಲ್ಲದೆ ಒಂದು ಬರಹವನ್ನು ಹಿತವಾಗಿ ಓದಲು ನೂರಕ್ಕೆ 98 ಶಬ್ದಗಳು ತಿಳಿದಿರಬೇಕು, ದಿನಪತ್ರಿಕೆ ಕಾದಂಬರಿಗಳಿಗೆ ಅದು ಎಂಟೊಂಬತ್ತು ಸಾವಿರ ಶಬ್ದಕುಟುಂಬಗಳಷ್ಟಾಗುತ್ತದೆ ಎಂದು ಪಾಲ್ ನೇಶನ್ ಎಂಬ ವಿದ್ವಾಂಸರು 2006ರಲ್ಲಿ ಲೆಕ್ಕಹಾಕಿದರು. ಆದುದರಿಂದ ಮೊದಲ ದಿನವೇ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಕೈಗೆ ಕೊಟ್ಟು ನಿಘಂಟನ್ನು ಪಕ್ಕದಲ್ಲಿಡುವುದು ಶಿಕ್ಷೆಯೇ ಹೊರತು ಶಿಕ್ಷಣವಲ್ಲ.

ನಮ್ಮವರು ಬರಿಗೈಯಲ್ಲಿ ಬರುವುದೂ ಇಲ್ಲ. ಬಿಲ್ಲು, ಚೆಕ್ಕು, ಡಿಪಾಸಿಟ್ಟು, ರಿಪೇರಿ, ಗ್ಯಾರಂಟಿ ಮುಂತಾಗಿ ನೂರಾರು ಶಬ್ದಗಳು ಅವರ ನಾಲಗೆಯ ಮೇಲಿವೆ. ಅವುಗಳ ಲಿಪಿರೂಪವನ್ನು ಗುರುತಿಸುವುದಷ್ಟೆ ಬಾಕಿ. ಆದರೆ ಇವುಗಳಲ್ಲಿ ಕೆಲವು ನಮ್ಮಲ್ಲಿಗೆ ಬಂದು ಅರ್ಥ ಬದಲಿಸಿಕೊಂಡಿವೆ. ನಮಗೆ ಸಪ್ಲಾಯರ್ ಎಂದರೆ ತಿಂಡಿ ತಂದಿಡುವವನು, ಇಂಗ್ಲಿಷಿನಲ್ಲಿ ಸರಕು ಒದಗಿಸುವ ವ್ಯಾಪಾರಿ. ನಮ್ಮ ಹೋಟೆಲಿನಲ್ಲಿ ಉಣ್ಣುತ್ತೇವೆ, ಅವರ ಹೋಟೆಲಿನಲ್ಲಿ ಮುಖ್ಯವಾಗಿ ತಂಗುತ್ತಾರೆ. ನಮ್ಮ ವಿದ್ಯಾರ್ಥಿಗೆ ಡೌಟು ಬಂದರೆ ಅದು ಪ್ರಶ್ನೆ. ಅವರಿಗೆ ಅದು ಅಪನಂಬಿಕೆ. ಇಂಥ ಶಬ್ದಗಳಿಗೆ ಒಂದು ಬೇರೆಯೇ ಪುಟವನ್ನು ಮೀಸಲಿಡಬೇಕು.

ವ್ಯಾಕರಣದ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಕನ್ನಡವನ್ನು ಹೊರಗಿಟ್ಟರೆ ನಷ್ಟವಾಗುವುದು ಇಲ್ಲಿಯೇ. 'ನಿನ್ನೆ ಮಂಗಳೂರಿನಿಂದ ಬಂದ ಹುಡುಗ' ಎನ್ನುತ್ತೇವೆ ನಾವು. ಯಾವಾಗ, ಎಲ್ಲಿಂದ, ಏನು ಮಾಡಿದ ಎಂಬುದೆಲ್ಲ ಮುಗಿದ ಮೇಲೆ ಹುಡುಗ ಬರುತ್ತಾನೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು, ಆಮೇಲೆ ಬಂದದ್ದು, ಆಮೇಲೆ ಮಂಗಳೂರು, ನಿನ್ನೆ ಎಂಬುದು ಕಟ್ಟಕಡೆಗೆ. ಕನ್ನಡಿಯಲ್ಲಿ ಕಂಡ ಹಾಗೆ ಸಾಲೇ ತಿರುವುಮುರುವು. 'ಮೂರು ತಿಂಗಳಿನಿಂದ ಶುಲ್ಕ ಕಟ್ಟದ ಸದಸ್ಯರು' ಎಂಬ ಸೊಸೈಟಿಯ ನೋಟೀಸು ಅರ್ಥವಾಗದಿರುವುದಕ್ಕೆ ಶಬ್ದಗಳು ಕಾರಣವಲ್ಲ, ಈ ತಿರುವು ಕಾರಣ. ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಸಿಗುತ್ತದೆಂದು ಕಾಯುವ ಕನ್ನಡದ ಕಣ್ಣು, ನಡುವೆ ಬಂದ ಕ್ರಿಯಾಪದವನ್ನು ದಾಟಿ ಹೋಗಿಬಿಡುತ್ತದೆ.

ಇದಕ್ಕೆ ನಮ್ಮಲ್ಲೇ ಮದ್ದಿದೆ. ಹಳಗನ್ನಡ, ನಡುಗನ್ನಡ ಪದ್ಯಗಳಿಗೆ ನಮ್ಮ ಪಂಡಿತರು ಅನ್ವಯ ಮಾಡಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕ್ರಿಯಾಪದವನ್ನು ಹುಡುಕು, ಯಾರು ಎಂದು ಕೇಳು, ಏನನ್ನು ಎಂದು ಕೇಳು, ಉಳಿದುದನ್ನು ಅದರದರ ಸ್ಥಾನಕ್ಕೆ ಸೇರಿಸು. ಇಂಗ್ಲಿಷ್ ವಾಕ್ಯಕ್ಕೂ ಇದೇ ಅನ್ವಯವನ್ನು ಮಾಡಿಸಿದರೆ ಕ್ರಮೇಣ ಕಣ್ಣು ಪಳಗುತ್ತದೆ. 'ಎ' ಮತ್ತು 'ದಿ' ಎಂಬ ಉಪಪದಗಳ ಕಾಟವನ್ನೂ ಕನ್ನಡದಿಂದಲೇ ಕಡಮೆ ಮಾಡಬಹುದು. 'ಪುಸ್ತಕ ತಂದೆ' ಎಂದರೆ ಯಾವುದೋ ಒಂದು; 'ಪುಸ್ತಕವನ್ನು ತಂದೆ' ಎಂದರೆ ನೀವು ಬಲ್ಲ ಆ ಪುಸ್ತಕ. ಎಲ್ಲ ಕಡೆಗೂ ಈ ಸೂತ್ರ ಒಪ್ಪದು, ಆದರೆ ಮೊದಲ ಮೆಟ್ಟಿಲಿಗೆ ಸಾಕು. ಹಾಗೆಯೇ 'ನಿನ್ನೆಯೇ ಬಂದಿದ್ದೇನೆ' ಎಂಬುದು ಶುದ್ಧ ಕನ್ನಡ. ಅದೇ ಕಾಲರೂಪವನ್ನು ನಿನ್ನೆಯೊಡನೆ ಇಂಗ್ಲಿಷ್ ಸಹಿಸುವುದಿಲ್ಲ. ಈ ತಪ್ಪು ದಡ್ಡತನದ್ದಲ್ಲ, ಕನ್ನಡದ ನಿಯಮದ್ದು ಎಂದು ವಿದ್ಯಾರ್ಥಿಗೆ ತಿಳಿದರೆ ಅವನ ಅಂಜಿಕೆ ಅರ್ಧ ಇಳಿಯುತ್ತದೆ.

ವ್ಯಾಕರಣವನ್ನು ಹೇಳಿಕೊಡಲೇಬಾರದೆಂಬ ವಾದವೂ ಇದೆ. ಅದಕ್ಕೆ ನಮ್ಮ ನೆಲದಲ್ಲೂ ಒಂದು ಉದಾಹರಣೆಯಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಬೆಂಗಳೂರು ಯೋಜನೆ ಎಂಬ ಹೆಸರಿನಿಂದ ಜಗತ್ತಿನ ಭಾಷಾಶಿಕ್ಷಕರಲ್ಲೆಲ್ಲ ಪ್ರಸಿದ್ಧವಾಯಿತು. ಅಲ್ಲಿ ಮಕ್ಕಳಿಗೆ ನಿಯಮಗಳ ಬದಲು ರೈಲಿನ ವೇಳಾಪಟ್ಟಿ, ಭೂಪಟಗಳಂಥ ಕೆಲಸಗಳನ್ನು ಕೊಡಲಾಯಿತು. ಅರ್ಥವನ್ನು ಅರಸುವ ಮನಸ್ಸಿಗೆ ಭಾಷೆ ತಾನಾಗಿ ದಕ್ಕುತ್ತದೆ ಎಂಬುದು ಅವರ ನಿಲುವು. ವೇಳಾಪಟ್ಟಿಯ ಮಾತನ್ನು ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೆ ಶಾಲೆಯ ಹುಡುಗನಿಗಿರುವ ವರ್ಷಗಳು ನಮ್ಮ ತರಗತಿಗೆ ಬರುವ ನಲವತ್ತರ ಹೆಂಗಸಿಗಿಲ್ಲ. ಅವರಿಗೆ ನಿಯಮವನ್ನು ಕನ್ನಡದಲ್ಲಿ ಎರಡು ನಿಮಿಷ ಹೇಳಿಬಿಡುವುದೇ ಮೇಲು.

ಕನ್ನಡದ ನೆರವಿನಿಂದ ಇಂಗ್ಲಿಷ್ ಎಂದೊಡನೆ ಮಾಧ್ಯಮದ ಜಗಳ ನೆನಪಾಗುತ್ತದೆ. ಗೋಕಾಕ್ ಚಳವಳಿ 1982ರಲ್ಲಿ ನಡೆಯಿತು. 2014ರಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಈ ವಾದದ ಕಾವಿನಲ್ಲಿ ಒಂದು ಸಣ್ಣ ವ್ಯತ್ಯಾಸ ಕಣ್ಮರೆಯಾಗಿದೆ: ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ, ಇಂಗ್ಲಿಷನ್ನು ಕಲಿಯುವುದು ಬೇರೆ. ನೆಲದ ಭಾಷೆ ಬೇರೆಯೇ ಇರುವ ಹೊರನಾಡಿನ ನಮಗೆ ಇದು ಒಳನಾಡಿನವರಿಗಿಂತ ಚೆನ್ನಾಗಿ ತಿಳಿಯಬೇಕು.

ಸಮಿತಿ ಒಪ್ಪಿದರೆ ಮೊದಲ ಮೂರು ತಿಂಗಳು ಪಠ್ಯಪುಸ್ತಕವೇ ಬೇಡ. ಬರುವವರು ತಮ್ಮ ಮನೆಯ ಲೈಟ್ ಬಿಲ್ಲನ್ನು, ಸೊಸೈಟಿಯ ನೋಟೀಸನ್ನು, ಬ್ಯಾಂಕಿನ ಫಾರಂ ಅನ್ನು ತರಲಿ. ಅವುಗಳಿಗೆ ಅನ್ವಯ ಮಾಡಿಸೋಣ. ಅನಂತರ ಮಕ್ಕಳಿಗೆಂದು ಸರಳಗೊಳಿಸಿದ ಕಥೆಗಳು. ಒಂದು ಪುಟದಲ್ಲಿ ತಿಳಿಯದ ಶಬ್ದಗಳು ಐದಾರಕ್ಕಿಂತ ಹೆಚ್ಚಿದ್ದರೆ ಆ ಪುಸ್ತಕವನ್ನು ಬದಿಗಿಟ್ಟು ಇನ್ನೂ ಸುಲಭವಾದದ್ದನ್ನು ಹಿಡಿಯೋಣ. ನಿಘಂಟನ್ನು ತೆರೆಯುವುದು ಪುಟ ಮುಗಿದ ಮೇಲೆ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ನಮ್ಮ ಕಪಾಟಿನಲ್ಲೇ ಇದೆ. ಇನ್ನೆರಡು ಪ್ರತಿಗಳಿಗೆ ಹಣ ಮಂಜೂರು ಮಾಡಬೇಕೆಂದು ಕೋಶಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಶನಿವಾರ ಸಂಜೆ ಪಾಠ ಮಾಡಲು ನಾನು ಸಿದ್ಧನಿದ್ದೇನೆ; ಬುಧವಾರಕ್ಕೆ ಇನ್ನೊಬ್ಬರು ಬೇಕು.